ಏಳು ಗ್ಯಾಲನ್

ಬೆಳಿಗ್ಗೆ ಆರೂಕಾಲಕ್ಕೆ ನಮ್ಮ ಬೀದಿಯ ಕೊನೆಯಲ್ಲಿ ಒಂದು ಸದ್ದು ಏಳುತ್ತಿತ್ತು. ಮೊದಲ ಸಲ ಒಣಗಂಟಲಿನ ಕೆಮ್ಮಿನಂತೆ ಎದ್ದು ನಿಂತುಬಿಡುತ್ತಿತ್ತು. ಎರಡನೆಯದು ತುಸು ಉದ್ದ, ಅದೂ ನಿಲ್ಲುತ್ತಿತ್ತು. ಮೂರನೆಯ ಸಲಕ್ಕೆ ಇಂಜಿನ್ ಹತ್ತಿಕೊಂಡು, ಅದರ ಗುಡುಗು ಗೋಧಿ ತುಂಬುವ ಗೋಪುರಕ್ಕೆ ಬಡಿದು ನಮ್ಮ ಕಿಟಕಿಗಳಿಗೆ ವಾಪಸು ಬರುತ್ತಿತ್ತು. ಪೆಡಲ್ ತುಳಿದು ನಾಲ್ಕು ಹನಿ ಹೆಚ್ಚು ಕುಡಿಸಿದ್ದರೆ ಒಂದೇ ಸಲಕ್ಕೆ ಹತ್ತುವ ಗಾಡಿ ಅದು. ಆದರೆ ಆ ನಾಲ್ಕು ಹನಿ ದಂಡ ಎಂದು ಐನರ್ ಬ್ರೆಕ್ಕೆ ಮೂರು ಸಲ ಕೀಲಿ ತಿರುಗಿಸುತ್ತಿದ್ದರು.

ಅರವತ್ತೊಂಬತ್ತನೇ ಇಸವಿಯ ಹಸಿರು ಪಿಕಪ್ಪು. ಎಂಟು ಸಿಲಿಂಡರು. ಆ ಕಾಲದ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಬೆನ್ನಿಗೇ ಇರುತ್ತಿತ್ತು. ಟ್ಯಾಂಕು ಅರೆಖಾಲಿಯಾಗಿದ್ದರೆ ಪ್ರತಿ ತಿರುವಿನಲ್ಲೂ ತಲೆಯ ಹಿಂದೆ ಅದು ತುಳುಕುವುದು ಕೇಳುತ್ತದೆ. ಐನರ್ ಅವರ ಟ್ಯಾಂಕು ಯಾವಾಗಲೂ ತುಳುಕುತ್ತಿತ್ತು.

ಮೂವತ್ತೊಂದು ವರ್ಷ ಅವರು ಲಿಂಡಾಲ್ ಊರಿನ ಅಂಚೆ ಹೊತ್ತರು. ಮೊಂಟಾನಾದ ಈ ಪೂರ್ವದ ಬಯಲಿನಲ್ಲಿ ಅಂಚೆ ಎಂದರೆ ಜಲ್ಲಿ ರಸ್ತೆಯಲ್ಲಿ ಎಂಬತ್ತು ಮೈಲಿಯ ಸುತ್ತು. ಗಾಡಿಯೂ ತನ್ನದೇ, ಪೆಟ್ರೋಲೂ ತನ್ನದೇ. ಟ್ರ್ಯಾಕ್ಟರಿನ ಬೆಲ್ಟು, ಔಷಧಿ, ಏಪ್ರಿಲಿನಲ್ಲಿ ಪೆಟ್ಟಿಗೆಯೊಳಗೆ ಚಿಲಿಪಿಲಿಗುಟ್ಟುವ ಕೋಳಿಮರಿಗಳು ಎಲ್ಲವೂ ಆ ಗಾಡಿಯಲ್ಲೇ ಬರುತ್ತಿದ್ದವು. ಎಪ್ಪತ್ತಮೂರರ ಚಳಿಗಾಲದಲ್ಲಿ ದೇಶಕ್ಕೆಲ್ಲ ಪೆಟ್ರೋಲಿನ ಬರ ಬಂದು, ಪಂಪುಗಳ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತವು. ಅಕ್ಕಪಕ್ಕದ ಊರುಗಳ ಅಂಚೆ ವಾರಕ್ಕೆ ಒಂದೇ ದಿನಕ್ಕೆ ಇಳಿಯಿತು. ಲಿಂಡಾಲಿನ ಅಂಚೆ ಒಂದು ದಿನವೂ ತಪ್ಪಲಿಲ್ಲ. ಗಂಟೆಗೆ ನಲವತ್ತೈದು ಮೈಲಿಯ ವೇಗದಲ್ಲಿ ಹೋದರೆ ತನ್ನ ಗಾಡಿ ಗ್ಯಾಲನ್ನಿಗೆ ಹದಿಮೂರು ಮೈಲಿ ಓಡುತ್ತದೆ, ಅರವತ್ತೈದಕ್ಕೆ ಏರಿಸಿದರೆ ಒಂಬತ್ತಕ್ಕೆ ಕುಸಿಯುತ್ತದೆ ಎಂದು ಐನರ್ ಆ ಚಳಿಗಾಲದಲ್ಲಿ ಕಂಡುಕೊಂಡರು. ಅಂದಿನಿಂದ ನಲವತ್ತೈದು ದಾಟಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೂ ಬೆಳಗಿನ ಒಂದು ಸುತ್ತು ಬಿಡಲಿಲ್ಲ.

ಆಮೇಲೆ ಗಾಡಿಯ ಭಾರ ಇಳಿಸಲು ತೊಡಗಿದರು. ಹಿಂದಿನ ಬಂಪರು ಬಿಚ್ಚಿದರು. ಹಿಂಬಾಗಿಲು ತೆಗೆದು ತಂತಿಬಲೆ ಕಟ್ಟಿದರು. ರೇಡಿಯೊ ಹೋಯಿತು, ಕೊನೆಗೆ ಸಿಗರೇಟಿನ ಬೂದಿ ಹಾಕುವ ಡಬ್ಬಿಯೂ ಹೋಯಿತು. ಪೆಟ್ರೋಲೂ ಒಂದು ಭಾರವೇ, ಗ್ಯಾಲನ್ನಿಗೆ ಆರು ಪೌಂಡು. ಹಾಗಾಗಿ ಇಪ್ಪತ್ತು ಗ್ಯಾಲನ್ ಹಿಡಿಯುವ ಟ್ಯಾಂಕಿಗೆ ಏಳರ ಮೇಲೆ ಹಾಕಿಸುತ್ತಿರಲಿಲ್ಲ. ಗೆರೆ ಕೊರೆದ ವಿಲೋ ಮರದ ಕಡ್ಡಿಯೊಂದನ್ನು ಟ್ಯಾಂಕಿನ ಬಾಯಿಗೆ ಇಳಿಸಿ ಅಳೆಯುತ್ತಿದ್ದರು. ಮುಂದಿನ ಗಾಜಿನ ಮೇಲಿನ ಬಿಸಿಲುಪಟ್ಟಿಯ ಹಿಂದೆ ಒಂದು ಪುಟ್ಟ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲು. ಪ್ರತಿ ಸುತ್ತಿನ ಮೈಲಿ, ಪ್ರತಿ ಸುತ್ತಿನ ಗ್ಯಾಲನ್. ಕೆಲವೊಮ್ಮೆ ಪಕ್ಕದಲ್ಲಿ ನಾಲ್ಕು ಅಕ್ಷರ: ‘12.6. ಆಲಿಕಲ್ಲು.’ ‘13.1. ಲವರ್ನಳ ತಂಗಿ ತೀರಿಕೊಂಡಳು.’

ಲವರ್ನ್ ಅವರ ಹೆಂಡತಿ. ಶನಿವಾರ ಇಬ್ಬರೂ ನಮ್ಮ ರೈತರ ಸೊಸೈಟಿಗೆ ಬರುತ್ತಿದ್ದರು. ನಾನು ಅಲ್ಲಿನ ಕೌಂಟರಿನಲ್ಲಿ ಕೂರಲು ತೊಡಗಿ ಹನ್ನೊಂದು ವರ್ಷವಾಯಿತು. ಐನರ್ ಪಂಪಿನ ಹತ್ತಿರ ಕಡ್ಡಿ ಇಳಿಸುವಾಗ ಲವರ್ನ್ ಒಳಗೆ ಬಂದು ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಅವರ ಎದುರುಮನೆಯ ಡ್ವೇನ್ ಪ್ರೋಕೊಪ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕಾಯ್ದುಕೊಂಡೇ ಇರುತ್ತಿದ್ದ.

“ಐನರ್, ಆ ಮೀಸೆ ಬೋಳಿಸ್ಕೋ ಮಾರಾಯ,” ಎಂದು ಬಾಗಿಲಿನಿಂದಲೇ ಕೂಗುತ್ತಿದ್ದ. “ಕಾಲು ಪೌಂಡ್ ಉಳಿಯುತ್ತೆ!”

“ಮೆಲ್ಲಗೆ ಮಾತಾಡೋ,” ಎನ್ನುತ್ತಿದ್ದರು ಲವರ್ನ್. “ಮೀಸೆ ಆದ್ಮೇಲೆ ಗಾಡೀಲಿ ಉಳಿಯೋದು ನಾನೊಬ್ಳೇ. ನನ್ನೂ ಬಿಚ್ಚಿ ಶೆಡ್ಡಲ್ಲಿ ನೇತು ಹಾಕ್ತಾನೆ.”

“ನೂರ ಮೂವತ್ತೆಂಟು ಪೌಂಡ್,” ಎನ್ನುತ್ತಿದ್ದರು ಐನರ್ ಒಳಗೆ ಬರುತ್ತ, ಮುಖದಲ್ಲಿ ನಗು ತೋರಿಸದೆ. “ಯೋಚ್ನೆ ಮಾಡಿದ್ದೀನಿ.”

ಜನವರಿಯ ಒಂದು ಭಾನುವಾರ, ಪಡುವಣ ಗಾಳಿ ಬೀಸಿತು. ಚಳಿಗಾಲದ ನಡುವೆ ಬೆಟ್ಟಗಳ ಕಡೆಯಿಂದ ಇಳಿದು ಒಂದೇ ದಿನದಲ್ಲಿ ಹಿಮವನ್ನು ನೀರು ಮಾಡುವ ಗಾಳಿ. ನಿಂತ ಮನುಷ್ಯನನ್ನು ಎರಡು ಹೆಜ್ಜೆ ಮುಂದೆ ತಳ್ಳುವಷ್ಟು ಜೋರು. ಹತ್ತೂಮುಕ್ಕಾಲಿಗೆ ಲವರ್ನ್ ಒಲೆಯ ಮುಂದಿನಿಂದ ಬಂದು ಕುರ್ಚಿಯಲ್ಲಿ ಕೂತರು. ದವಡೆ ನೋಯುತ್ತಿದೆ, ಎಡಗೈ ನೋಯುತ್ತಿದೆ ಎಂದರು. ಹಣೆಯಲ್ಲಿ ಬೆವರು. ಐನರ್ ಫೋನು ಮಾಡಿದರು. ಊರಿನ ಒಂದೇ ಆಂಬುಲೆನ್ಸು ಉತ್ತರದಲ್ಲಿ ಉರುಳಿದ ಕಾರಿನವರನ್ನು ತರಲು ಹೋಗಿತ್ತು, ಬರಲು ಎರಡು ಗಂಟೆ ಬೇಕಿತ್ತು. ಆ ಗಾಳಿಗೆ ಹೆಲಿಕಾಪ್ಟರು ಹಾರುವುದಿಲ್ಲ. ಆಸ್ಪತ್ರೆ ಇರುವುದು ಹಾರ್ಟ್‌ವೆಲ್ ಊರಿನಲ್ಲಿ, ಮೂಡಣ ದಿಕ್ಕಿಗೆ ಎಂಬತ್ತನಾಲ್ಕು ಮೈಲಿ, ನಡುವೆ ಒಂದೂ ಪಂಪಿಲ್ಲ. ಭಾನುವಾರ ಸೊಸೈಟಿಯ ಪಂಪಿಗೆ ಬೀಗ. ನಾವೆಲ್ಲ ಚರ್ಚಿನಲ್ಲಿದ್ದೆವು. ಡ್ವೇನ್‌ನ ಗಾಡಿಯೂ ಅಲ್ಲೇ ನಿಂತಿತ್ತು. ಬಂದು ಒಬ್ಬರನ್ನು ಕರೆದಿದ್ದರೆ ಹತ್ತು ಜನ ಏಳುತ್ತಿದ್ದೆವು. ಹುಟ್ಟಿದಂದಿನಿಂದ ಐನರ್ ಯಾರ ಹತ್ತಿರವೂ ಒಂದು ಲೋಟ ಪೆಟ್ರೋಲ್ ಕೇಳಿದವರಲ್ಲ.

ಕಡ್ಡಿ ಇಳಿಸಿ ನೋಡಿದರು. ಏಳು ಗ್ಯಾಲನ್.

ನಲವತ್ತೈದರಲ್ಲಿ ತೊಂಬತ್ತೊಂದು ಮೈಲಿ, ತಲುಪುತ್ತದೆ. ಅರವತ್ತೈದರಲ್ಲಿ ಅರವತ್ತಮೂರು, ಬಯಲಿನ ನಡುವೆ ನಿಲ್ಲುತ್ತದೆ. ಐನರ್ ನಲವತ್ತೈದರಲ್ಲಿ ಹೋದರು.

ಆ ದಾರಿಯ ಕತೆಯನ್ನು ಆಮೇಲೆ ಅವರು ನನ್ನ ಕೌಂಟರಿನ ಮುಂದೆ ಹಲವು ಸಲ ಹೇಳಿದರು. ಪ್ರತಿ ಸಲವೂ ಅದೇ ಮಾತುಗಳು. ಮೂವತ್ತನೇ ಮೈಲಿಯಲ್ಲಿ ಲವರ್ನ್ “ಇನ್ನೊಂಚೂರು ಜೋರಾಗಿ ಹೋಗೋಕಾಗಲ್ವಾ ಐನರ್?” ಎಂದರಂತೆ. ಆಗಲ್ಲ, ತಲುಪಲ್ಲ ಎಂದರಂತೆ ಇವರು. “ಸರಿ. ಅದು ನಿಂಗೇ ಗೊತ್ತು,” ಎಂದು ಲವರ್ನ್ ತಲೆಯನ್ನು ಹಿಂದಕ್ಕೆ ಆನಿಸಿದರಂತೆ. ಅವರ ತಲೆಯ ಹಿಂದೆ ಟ್ಯಾಂಕು ತುಳುಕುತ್ತಿತ್ತು. ಎದುರಿಗೆ ದನದ ಲಾರಿಯೊಂದು ಬಂತು. ಐನರ್ ಯಾವತ್ತಿನ ಹಾಗೆ ಸ್ಟೇರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳಿದರು. “ಬೆರಳು ಎತ್ತಿದೆ ನೋರಾ,” ಎಂದು ಪ್ರತಿ ಸಲವೂ ನನಗೆ ಹೇಳುತ್ತಿದ್ದರು. “ಅವಳು ಪಕ್ಕದಲ್ಲಿ ಹಾಗಿರುವಾಗ ಬೆರಳು ಎತ್ತಿದೆ.” ಹಾರ್ಟ್‌ವೆಲ್ ಹನ್ನೊಂದು ಮೈಲಿ ಇದೆ ಎನ್ನುವಲ್ಲಿ ಲವರ್ನ್ ಉಸಿರಾಡುವುದು ನಿಂತಿತು.

ಆಸ್ಪತ್ರೆಯ ಡಾಕ್ಟರು, ಅರ್ಧ ಗಂಟೆ ಮೊದಲು ಬಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತು ಎಂದರು. ತಪ್ಪು ಹೊರಿಸಲು ಹೇಳಿದ ಮಾತಲ್ಲ ಅದು. ನಲವತ್ತೈದಕ್ಕೂ ಅರವತ್ತೈದಕ್ಕೂ ಆ ದಾರಿಯಲ್ಲಿ ಇರುವ ಅಂತರ ಮೂವತ್ತನಾಲ್ಕು ನಿಮಿಷ.

ಕಾಗದಗಳಿಗೆ ಸಹಿ ಹಾಕಿ ಹೊರಗೆ ಬಂದ ಐನರ್, ಕೈ ತಾನಾಗಿ ಮಾಡಿದ ಕೆಲಸದಂತೆ, ಕಡ್ಡಿ ತೆಗೆದು ಟ್ಯಾಂಕಿಗೆ ಇಳಿಸಿದರು. ಅರ್ಧ ಗ್ಯಾಲನ್ನು ಉಳಿದಿರಬೇಕಿತ್ತು. ಹೆಚ್ಚು ಕಡಿಮೆ ಎರಡು ಗ್ಯಾಲನ್ ಉಳಿದಿತ್ತು.

ಮೂವತ್ತು ವರ್ಷದ ಅವರ ಲೆಕ್ಕವೆಲ್ಲ ಹೋಗಿಬರುವ ಲೆಕ್ಕ. ಅಂಚೆಯ ದಾರಿ ಸುತ್ತಿ ಮನೆಗೇ ಬರುತ್ತದೆ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದೆಗೆ ಬೀಳುತ್ತದೆ, ಕೊಟ್ಟದ್ದನ್ನು ಕಿತ್ತುಕೊಳ್ಳುತ್ತದೆ. ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಒಂದೇ ಕಡೆಗೆ ಹೋದರೆ ಗಾಡಿ ಎಷ್ಟು ಓಡುತ್ತದೆ ಎಂದು ಅವರು ಒಮ್ಮೆಯೂ ಅಳೆದಿರಲಿಲ್ಲ, ಅಳೆಯಬೇಕಾಗಿ ಬಂದಿರಲಿಲ್ಲ. ಪುಸ್ತಕದಲ್ಲಿ ಆ ಭಾನುವಾರದ ಸಾಲಿನಲ್ಲಿ ‘16.1’ ಎಂದಷ್ಟೇ ಇದೆ. ಪಕ್ಕದಲ್ಲಿ ಅಕ್ಷರವಿಲ್ಲ.

ಹೂಳಿದ ಮರುದಿನದಿಂದಲೇ ಒಂದು ಪ್ರಶ್ನೆ ಹಿಡಿದುಕೊಂಡು ಸೊಸೈಟಿಗೆ ಬರತೊಡಗಿದರು. ಆ ಗಾಳಿಯಲ್ಲಿ ಅರವತ್ತೈದಕ್ಕೆ ಏರಿಸಿದ್ದರೆ ಗಾಡಿ ತಲುಪುತ್ತಿತ್ತೇ?

“ಇಲ್ಲ,” ಎಂದ ಡ್ವೇನ್. “ಸಾಧ್ಯಾನೇ ಇಲ್ಲ. ಅರ್ಧ ದಾರೀಲಿ ಅವಳನ್ನ ಹೊತ್ಕೊಂಡು ನಡೀಬೇಕಾಗ್ತಿತ್ತು ನೀನು.”

“ನೀನು ಅಳೆದಿದ್ದೀಯಾ?”

“ಅಳೆಯೋದೇನು, ಗೊತ್ತಾಗಲ್ವಾ?”

“ನಲವತ್ತೈದರಲ್ಲಿ ಹದಿನಾರು ಕೊಟ್ಟಿದೆ. ಅರವತ್ತೈದರಲ್ಲಿ ಹನ್ನೆರಡು ಕೊಟ್ಟರೆ ಸಾಕಿತ್ತು, ಡ್ವೇನ್. ಬರೀ ಹನ್ನೆರಡು.”

ಒಲೆಯ ಸುತ್ತ ಕೂತವರು ಎಲ್ಲರೂ ತಮ್ಮ ತಮ್ಮ ಗಾಡಿಗಳ ಸಾಕ್ಷಿ ಹೇಳಿದರು. ಒಬ್ಬನದು ಅರವತ್ತು ದಾಟಿದರೆ ಎಮ್ಮೆಯ ಹಾಗೆ ಕುಡಿಯುತ್ತದೆ, ಇನ್ನೊಬ್ಬನದಕ್ಕೆ ಗಾಳಿ ಎಲ್ಲಿಂದ ಬೀಸಿದರೂ ಒಂದೇ. ವೇಗದ ವಿಷಯ ಎಲ್ಲರೂ ಮಾತಾಡಿದರು. ಇಪ್ಪತ್ತು ಗ್ಯಾಲನ್ನಿನ ಟ್ಯಾಂಕಿನಲ್ಲಿ ಏಳೇ ಯಾಕಿತ್ತು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರ ಬಾಯಿಯ ತನಕ ಬಂದಿದ್ದ ಮಾತು ಅದು. ಡ್ವೇನ್ ಒಮ್ಮೆ ಬಾಯಿ ತೆರೆದು, ನನ್ನ ಮುಖ ನೋಡಿ, ಕಾಫಿ ಕುಡಿದ.

ಐನರ್ ಗಾಳಿಗೆ ಕಾದರು. ಫೆಬ್ರವರಿಯೆಲ್ಲ ಬಡಗಣ ಗಾಳಿ ಬೀಸಿತು. ಪ್ರತಿ ಬೆಳಿಗ್ಗೆ ಮನೆಯ ಮುಂದೆ ನಿಂತು ಗೋಪುರದ ಮೇಲಿನ ಬಾವುಟ ನೋಡುವರು, ಒಳಗೆ ಹೋಗುವರು. ಮೂರು ಸಲದ ಆ ಸದ್ದು ನಮ್ಮ ಬೀದಿಯಲ್ಲಿ ಕೇಳದೆ ವಾರಗಳಾದವು. ಅದು ಕೇಳದಿದ್ದಾಗ ನನಗೆ ಎಚ್ಚರವಾಗುತ್ತಿತ್ತು.

ಮಾರ್ಚಿನ ಕೊನೆಯ ಗುರುವಾರ ಬಾವುಟ ಮೂಡಣಕ್ಕೆ ಹಲಗೆಯ ಹಾಗೆ ಚಾಚಿಕೊಂಡಿತು. ಐನರ್ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿದ್ದರು.

“ದನಕ್ಕೆ ನೆಕ್ಕಿಸೋ ಉಪ್ಪಿನ ಗಟ್ಟಿ ಎರಡು ಕೊಡು ನೋರಾ. ಮೇಲೆ ಒಂದಿಷ್ಟು ಓಟ್ಸು.”

“ಓಟ್ಸ್ ಎಷ್ಟು?”

“ಮೂವತ್ತೆಂಟು ಪೌಂಡ್.”

ಉಪ್ಪಿನ ಗಟ್ಟಿ ಒಂದೊಂದೂ ಐವತ್ತು ಪೌಂಡು. ನಾನು ಓಟ್ಸು ತೂಗಿದೆ. ಅವರು ಎಲ್ಲವನ್ನೂ ಹೊತ್ತು ಲವರ್ನ್ ಕೂರುತ್ತಿದ್ದ ಬಲಸೀಟಿನಲ್ಲಿಟ್ಟು ಬೆಲ್ಟು ಬಿಗಿದರು. ಆಮೇಲೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಕ್ಯಾನಿನಿಂದ ಅಳೆದು ಏಳು ಗ್ಯಾಲನ್ ಸುರಿದರು.

“ನಾನೂ ಹಿಂದೆ ಬರ್ತೀನಿ,” ಎಂದ ಡ್ವೇನ್.

“ಬೇಡ.”

“ಬೇಡ ಅಂದ್ರೆ? ಗಾಡಿ ನಿಂತ ಮೇಲೆ ಆ ಉಪ್ಪು ನೆಕ್ಕೊಂಡು ಕೂತಿರ್ತೀಯಾ?” ಎಂದ. ಹೇಳಿ ನಾಲಿಗೆ ಕಚ್ಚಿಕೊಂಡ. ಐನರ್ ಗಾಡಿ ಹತ್ತಿದರು. ಡ್ವೇನ್ ಹಿಂದೆಯೇ ಹೋದ.

ಸಂಜೆ ಡ್ವೇನ್ ಬಂದದ್ದು ಓಡಿಕೊಂಡೇ. ಅರವತ್ತೈದರಲ್ಲೇ ಓಡುತ್ತ ಎಪ್ಪತ್ತೇಳನೇ ಮೈಲಿಯಲ್ಲಿ, ಕೊನೆಯ ದಿಬ್ಬ ಹತ್ತುವಾಗ ಗಾಡಿ ಮುಗ್ಗರಿಸಿ ನಿಂತಿತಂತೆ. ಆಸ್ಪತ್ರೆಗೆ ಇನ್ನೂ ಏಳು ಮೈಲಿ. ಐನರ್ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರಂತೆ. ಡ್ವೇನ್ ತಾನು ಒಯ್ದಿದ್ದ ಕ್ಯಾನಿನಿಂದ ಪೆಟ್ರೋಲ್ ಹಾಕಿಕೊಟ್ಟನಂತೆ.

“ಮುಗೀತು!” ಎಂದು ಕೌಂಟರು ಕುಟ್ಟಿದ. “ಅವನ ತಪ್ಪಿಲ್ಲ. ಜೋರಾಗಿ ಹೋಗಿದ್ರೂ ತಲುಪ್ತಿರ್ಲಿಲ್ಲ. ಅಳೆದಾಯ್ತು!” ಅವನ ಕಣ್ಣು ಒದ್ದೆಯಾಗಿತ್ತು. ನಾವೆಲ್ಲ ಎರಡು ತಿಂಗಳಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟೆವು.

ಮರುದಿನ ಬೆಳಿಗ್ಗೆ ಬೀದಿಯ ಕೊನೆಯಲ್ಲಿ ಇಂಜಿನ್ ಒಂದೇ ಸಲಕ್ಕೆ ಹತ್ತಿತು.

ಐನರ್ ಪಂಪಿನ ಮುಂದೆ ಗಾಡಿ ನಿಲ್ಲಿಸಿದರು. ಉಪ್ಪಿನ ಗಟ್ಟಿಗಳು ಸೀಟಿನಲ್ಲೇ ಇದ್ದವು, ಬೆಲ್ಟಿನಡಿ. ಪೈಪನ್ನು ಟ್ಯಾಂಕಿಗೆ ಸಿಕ್ಕಿಸಿ ಗಾಡಿಗೆ ಒರಗಿ ನಿಂತರು. ಕಡ್ಡಿ ತೆಗೆಯಲಿಲ್ಲ. ಕಿಟಕಿಯಾಚೆ ಪಂಪಿನ ಅಂಕಿಗಳು ಉರುಳುವುದು ನನಗೆ ಕಾಣುತ್ತಿತ್ತು. ಏಳು ಬಂತು, ಹೋಯಿತು. ಹತ್ತು. ಹದಿನೈದು. ಒಲೆಯ ಸುತ್ತ ಕೂತವರು ಕಿಟಕಿಯ ಕಡೆ ತಿರುಗಿದರು. ಹತ್ತೊಂಬತ್ತು ಚಿಲ್ಲರೆಗೆ ಪೈಪು ಟಕ್ಕೆಂದು ತಾನೇ ನಿಂತಿತು. ಅವರು ಪೆಟ್ರೋಲ್ ಹಾಕುವಾಗ ಆ ಸದ್ದು ನಾನು ಕೇಳಿದ್ದು ಅದೇ ಮೊದಲು.

ಒಳಗೆ ಬಂದರು. ಡ್ವೇನ್ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

“ಕೂತ್ಕೋ, ಕಾಫಿ ಕುಡಿ. ಇನ್ನು ಐವತ್ತೈದರಲ್ಲಿ ಒಂದು ಸಲ ನೋಡ್ತೀನಿ ಅಂತ ಮಾತ್ರ ಶುರು ಮಾಡ್ಬೇಡಪ್ಪ.”

“ಇಲ್ಲ,” ಎಂದರು ಐನರ್. ಕೂರಲಿಲ್ಲ. “ವೇಗದ್ದಲ್ಲ ಅದು.”

“ಮತ್ತೆ? ಅದೇ ಅಲ್ವಾ ನಿನ್ನೆ ಅಳೆದದ್ದು?”

“ತುಂಬಿಸಿದ್ದರೆ ಹದಿಮೂರು ಗ್ಯಾಲನ್ ಹೆಚ್ಚಿಗೆ ಇರ್ತಿತ್ತು. ಎಂಬತ್ತು ಪೌಂಡ್. ಅಷ್ಟು ಭಾರ ಹೊತ್ತರೆ ಗ್ಯಾಲನ್ನಿಗೆ ಎಷ್ಟು ಕಮ್ಮಿ ಆಗುತ್ತೆ, ಗೊತ್ತಾ? ರಾತ್ರಿ ಲೆಕ್ಕ ಹಾಕಿದೆ. ಕಾಲು ಮೈಲಿನೂ ಇಲ್ಲ.” ಅವರು ನನ್ನ ಕಡೆ ತಿರುಗಿದರು. “ನಿಮಗೆಲ್ಲ ಗೊತ್ತಿತ್ತು, ಅಲ್ವಾ ನೋರಾ?”

ನಾನು ಕೌಂಟರಿನ ಮೇಲಿದ್ದ ಬಟ್ಟೆಯನ್ನು ಮಡಚಿದೆ, ಮತ್ತೆ ಬಿಡಿಸಿದೆ.

“ಗೊತ್ತಿತ್ತು,” ಎಂದೆ.

ಅವರು ಒಳ್ಳೆಯದು ಎನ್ನುವ ಹಾಗೆ ತಲೆಯಾಡಿಸಿದರು. ಹೊರಗೆ ಗಾಳಿ ಇನ್ನೂ ನಿಂತಿರಲಿಲ್ಲ.

“ಹಿಂದಿನ ದಿನ ಶನಿವಾರ,” ಎಂದರು, ಟೋಪಿ ಹಾಕಿಕೊಳ್ಳುತ್ತ. “ಇಲ್ಲೇ ನಿಂತಿದ್ದೆ, ಇದೇ ಪಂಪಿನ ಮುಂದೆ. ಪೈಪು ಕೈಯಲ್ಲೇ ಇತ್ತು. ಅವಳು ಇಲ್ಲಿ ಒಳಗೆ ನಗ್ತಾ ಇದ್ದಳು, ನಂಗೆ ಕೇಳಿಸ್ತಿತ್ತು. ಕೈ ಬಿಡದೆ ಇನ್ನೂ ಎರಡು ನಿಮಿಷ ಹಿಡ್ಕೊಂಡು ನಿಂತಿದ್ದಿದ್ರೆ ನಾನು…” ಎನ್ನುತ್ತಲೇ ಬಾಗಿಲು ತಳ್ಳಿ, ತಲೆ ತಗ್ಗಿಸಿ, ಗಾಳಿಗೆ ಎದೆಕೊಟ್ಟು ಗಾಡಿಯ ಕಡೆಗೆ ನಡೆದರು.