ಇಬ್ಬರೂ ಹೋಗುವುದಾದರೆ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸುವ ಪದ್ಧತಿಯೇ ಇರಲಿಲ್ಲ. ಹಿಟ್ಟಿನ ಗಿರಣಿಗೂ ಜೋಡಿ, ಟ್ಯೂಷನ್‌ಗೂ ಜೋಡಿ, ಪಕ್ಕದ ಬೀದಿಯ ಅತ್ತೆಯ ಮನೆಗೆ ಒಂದು ಪಾತ್ರೆ ಹುಳಿ ಕೊಟ್ಟು ಬರಬೇಕೆಂದರೂ ಅಕ್ಕನ ಹಿಂದೆ ನಾನು. ಕಗ್ಗದಾಸಪುರ ಆಗ ಅರ್ಧ ಹಳ್ಳಿ, ಅರ್ಧ ಬಡಾವಣೆ. ನಮ್ಮ ಹೊಲವೆಲ್ಲ ಸೈಟುಗಳಾಗಿ, ಉಳಿದ ಜಾಗದಲ್ಲಿ ಅಪ್ಪ ಕಟ್ಟಿಸಿದ ಸಾಲುಮನೆಗಳಿಗೆ ಎಲ್ಲೆಲ್ಲಿಯವರೋ ಬಾಡಿಗೆಗೆ ಬಂದಿದ್ದರು. ಊರು ತುಂಬ ಗುರುತಿಲ್ಲದ ಮುಖಗಳು ಸೇರಿಕೊಂಡಿವೆ ಎಂಬುದೇ ಅಪ್ಪನ ದೊಡ್ಡ ಭಯ. ಆ ಮುಖಗಳಿಗೆ ಮನೆ ಕೊಟ್ಟವರು ನೀವೇ ಅಲ್ಲವೇ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಹಾಗಾಗಿ, ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕ ಹಲಸೂರಿನ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಸೇರುತ್ತೇನೆಂದು ಹಟ ಹಿಡಿದು, ಎರಡು ಹೊತ್ತು ಊಟ ಬಿಟ್ಟು ಕೂತಾಗ, ಅಪ್ಪ ಕೊನೆಗೆ ಹೇಳಿದ್ದು ಒಂದೇ ಮಾತು.

"ಇಬ್ರೂ ಹೋಗೋದಾದ್ರೆ ಹೋಗಿ. ಒಬ್ಳೇ ಅಂದ್ರೆ ಆ ಸುದ್ದೀನೇ ಬೇಡ."

ನನಗೆ ಆ ಆಟದ ಗಂಧಗಾಳಿಯೂ ಇರಲಿಲ್ಲ. ಅಕ್ಕನಿಗೆ ಅಪ್ಪಣೆ ಸಿಗಲೆಂದು ಜೊತೆಗೆ ಹೋದವಳು ನಾನು. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಚೆಂಡು ಅದಕ್ಕಿಂತ ದಪ್ಪ, ಎಸೆಯುವುದು ಕೈ ಕೆಳಗಿನಿಂದ. ಹೊಡೆದವಳು ಬ್ಯಾಟು ಬಿಸಾಡಿ ಓಡಬೇಕು, ಒಂದು, ಎರಡು, ಮೂರು ಎಂದು ಮೂಲೆ ಮೂಲೆಯ ಬೇಸ್ ಎಂಬ ಚೌಕ ಮೆತ್ತೆಗಳನ್ನು ಮುಟ್ಟುತ್ತ ಹೊರಟಲ್ಲಿಗೇ ಬಂದರೆ ಒಂದು ರನ್. ಮೊದಲ ವರ್ಷ ಅಕ್ಕ ಅಲ್ಲಿ ಮೆರೆದಳು. ನಮ್ಮ ಬೀದಿಯ ಕ್ರಿಕೆಟ್‌ನಲ್ಲಿ ಗಂಡುಹುಡುಗರಿಗೆ ನೀರು ಕುಡಿಸಿದ್ದ ಕೈ ಅದು. ನನಗೋ ಬೀದಿಯಲ್ಲಿ ಬ್ಯಾಟಿಂಗ್ ಸಿಕ್ಕಿದ್ದೇ ಕಡಿಮೆ. ಚರಂಡಿಗೆ ಬಿದ್ದ ಚೆಂಡು ತೆಗೆಯುವುದು, ಇಲ್ಲವೇ ಅಕ್ಕನ ಎದುರು ತುದಿಯಲ್ಲಿ ನಿಂತು ಅವಳು "ಬಾ" ಎಂದರೆ ಓಡುವುದು, "ಬೇಡ" ಎಂದರೆ ನಿಲ್ಲುವುದು, ಇದಿಷ್ಟೇ ತಂಗಿಯ ಪಾಲು. ಆದರೆ ಅದರಿಂದ ಒಂದು ಲಾಭವಾಯಿತು. ಮರೆಯಬೇಕಾದ ಅಭ್ಯಾಸ ಯಾವುದೂ ಇಲ್ಲದ್ದರಿಂದ ಸಾಫ್ಟ್‌ಬಾಲ್ ನನಗೆ ಬೇಗ ಹತ್ತಿತು, ಹತ್ತಿದ್ದು ಬಿಡಲಿಲ್ಲ. ಆ ಮೈದಾನ ಬಿಟ್ಟರೆ ನಾನು ಮನಸಾರೆ ಓಡಬಹುದಾದ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಮನೆಯಲ್ಲಿ ಜೋರಾಗಿ ನಡೆದರೂ ಅಮ್ಮ ಗದರುತ್ತಿದ್ದಳು.

ಎರಡನೆಯ ವರ್ಷದ ಲೀಗ್ ಶುರುವಾಗುವ ಮುಂಚಿನ ದಿನ ಕೋಚ್ ಎಲ್ಲರನ್ನೂ ಕೂರಿಸಿಕೊಂಡರು. ಹಲಸೂರಿನವರು, ಸರ್ಕಾರಿ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಅದೇ ಖಾಕಿ ಪ್ಯಾಂಟಿನಲ್ಲಿ ಮೈದಾನಕ್ಕೆ ಬರುತ್ತಿದ್ದ ಮನುಷ್ಯ. ಕನ್ನಡ, ತಮಿಳು, ಇಂಗ್ಲಿಷು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುತ್ತಿದ್ದರು.

"ಹದಿನೆಂಟು ಜನ ಇದೀರಾ. ಮೂರು ಮ್ಯಾಚ್ ನೋಡ್ತೀನಿ. ಆಮೇಲೆ ಹದಿನೈದೇ. ಹೋದೋರು ಮುಂದಿನ ವರ್ಷ ಟ್ರಯಲ್‌ಗೆ ಬನ್ನಿ. ಅಳೋದು ಗಿಳೋದು ಕೂಡಾದು, ತೆರಿಯುಮಾ?"

ಅಳಬಾರದು, ತಿಳಿಯಿತು ಎಂದು ನಾವೆಲ್ಲ ತಲೆ ಆಡಿಸಿದೆವು. ಅಕ್ಕ ಹೋದ ವರ್ಷದ ನಾಲ್ಕನೆಯ ಬ್ಯಾಟು, ತಂಡದ ಬೆನ್ನೆಲುಬು. ಅವಳ ಬಗ್ಗೆ ಯಾರಿಗೆ ಭಯ? ನನ್ನ ಬಗ್ಗೆಯೇ ನಾನು ಹೆದರಿಕೊಂಡು ಮನೆಗೆ ಬಂದೆ.

ಮೊದಲ ಪಂದ್ಯದಲ್ಲಿ ನಾನು ಮೂರನೆಯ ಬ್ಯಾಟು, ನನ್ನ ಹಿಂದೆ ಅಕ್ಕ. ಎದುರು ತಂಡದ ಹುಡುಗಿ ಅವಳಿಗೆ ಎಸೆದ ಚೆಂಡುಗಳೆಲ್ಲ ಮೊಣಕಾಲಿನ ಕೆಳಗೆ. ಅಂಥವನ್ನು ಬಿಟ್ಟುಬಿಡಬೇಕು. ನಾಲ್ಕು ಹಾಗೆ ಬಿಟ್ಟರೆ ಹೊಡೆಯದೆಯೇ ಮೊದಲ ಬೇಸ್ ಸಿಗುತ್ತದೆ. ಅಕ್ಕ ಬಿಡಲಿಲ್ಲ. ಬಗ್ಗಿ ಬಗ್ಗಿ ಬೀಸಿದಳು, ಮೂರು ಸಲವೂ ಗಾಳಿ ಸಿಕ್ಕಿ ಔಟಾದಳು. ಮತ್ತೆ ಬ್ಯಾಟಿಗೆ ಬಂದಾಗಲೂ ಅದೇ ಕಥೆ. ಒಂದು ವರ್ಷದಲ್ಲಿ ಊರಿನ ತಂಡಗಳೆಲ್ಲ ಅವಳ ಗುಟ್ಟು ಕಂಡುಕೊಂಡಿದ್ದವು. ಆಚೆ ಕಡೆಯ ಬೆಂಚಿನಿಂದ ಯಾರೋ ನಗುತ್ತ, "ಕಾಲ್ ಹತ್ರ ಹಾಕೇ, ಹೊಡೀತಾಳೆ" ಎಂದು ಕೂಗಿದ್ದು ನನ್ನ ಕಿವಿಗೂ ಬಿತ್ತು. ಮೈಯೆಲ್ಲ ಉರಿಯಿತು.

ಮನೆಗೆ ಬರುವಾಗ ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಯಾವಾಗ ಬರುತ್ತದೋ ಎಂದು ಸೈಕಲ್ಲು, ಆಟೋ, ಲಾರಿಗಳ ನಡುವೆ ನಿಂತುಕೊಂಡೇ ನಾನು ಅಕ್ಕನ ಮೇಲೆ ಹರಿಹಾಯ್ದೆ.

"ಕೆಳಗ್ ಬಂದ್ರೆ ಬಿಟ್ಬಿಡೇ! ಬಿಡೋಕೇನು ಕಷ್ಟ ನಿಂಗೆ?"

"ಬಿಡೋಕಾಗಲ್ವೇ. ಹಿಂದ್ಗಡೆ ಸ್ಟಂಪ್ ಇದೆ ಅನ್ಸುತ್ತೆ. ಕೈ ತಾನೇ ಹೋಗ್ಬಿಡುತ್ತೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದೆ ಸ್ಟಂಪೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಆದರೆ ಅವಳ ಕೈ ಅದನ್ನು ನಂಬುತ್ತಿರಲಿಲ್ಲ. ಗೇಟು ತೆಗೆಯುವಷ್ಟರಲ್ಲಿ ನನಗೆ ಇನ್ನೊಂದು ವಿಷಯ ಹೊಳೆದಿತ್ತು. ಅಕ್ಕನನ್ನು ತಂಡದಿಂದ ತೆಗೆದರೆ ಅಪ್ಪನ ಲೆಕ್ಕದಲ್ಲಿ ಉಳಿಯುವುದು ಒಬ್ಬಳೇ. ಆ ಒಬ್ಬಳನ್ನು ಅವರು ಕಳಿಸುವುದಿಲ್ಲ. ನಾನು ಎಷ್ಟೇ ಚೆನ್ನಾಗಿ ಆಡಿದರೂ ನನ್ನ ಆಟ ಇದ್ದದ್ದು ಅಕ್ಕನ ಬ್ಯಾಟಿನಲ್ಲಿ.

ಅಂದಿನಿಂದ ತಾರಸಿಯ ಮೇಲೆ ಹಳೆಯ ಕಾಲುಚೀಲಗಳನ್ನು ಉಂಡೆ ಮಾಡಿ ಅವಳ ಕಾಲ ಬುಡಕ್ಕೇ ಎಸೆದೆ. ಅಲ್ಲಿ ಅವಳು ರಾಣಿಯ ಹಾಗೆ ನಿಂತು ಎಲ್ಲವನ್ನೂ ಬಿಟ್ಟಳು. ಎರಡನೆಯ ಪಂದ್ಯದಲ್ಲಿ ಕೋಚ್ ಅವಳನ್ನು ಒಂಬತ್ತನೆಯ ಬ್ಯಾಟಿಗೆ, ಅಂದರೆ ಕಟ್ಟಕಡೆಗೆ ಇಳಿಸಿದರು. ಅಲ್ಲಿ ಮತ್ತೆ ಬಗ್ಗಿದಳು, ಮತ್ತೆ ಬೀಸಿದಳು. ಅದೇ ದಿನ ನಾನು ಎರಡು ಒಳ್ಳೆಯ ಹೊಡೆತ ಹೊಡೆದೆ. ಕೋಚ್ ಬೆನ್ನು ತಟ್ಟಿ "ಸೂಪರ್ ಮಾ" ಎಂದರು. ಬೆಂಚಿನ ತುದಿಯಲ್ಲಿ ಕೂತಿದ್ದ ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಮೂರನೆಯ ಪಂದ್ಯದ ದಿನ ಮೈದಾನದಲ್ಲಿ ಕೋಚ್ ಅಕ್ಕನನ್ನು ಪಕ್ಕಕ್ಕೆ ಕರೆದರು. "ಲಾಸ್ಟ್ ಚಾನ್ಸ್ ಮಾ. ನಿನ್ನ ಹಳೇ ಜಾಗದಲ್ಲೇ ಆಡು, ನಾಲ್ಕು." ಒಳ್ಳೆಯ ಮನುಷ್ಯ. ಬೇರೆಯವರಾಗಿದ್ದರೆ ಅಷ್ಟೂ ಕೊಡುತ್ತಿರಲಿಲ್ಲ.

ಮೊದಲ ಸಲ ಬ್ಯಾಟಿಗೆ ಬಂದಾಗ ಅವಳಿಗೆ ಕೆಳಗಿನ ಚೆಂಡು ಒಂದರ ಮೇಲೊಂದು ಬಿದ್ದವು. ಬ್ಯಾಟು ಅರ್ಧ ಮುಂದೆ ಬಂದು ಹಿಂದೆ ಸರಿಯುವುದು ನನಗೆ ದೂರದಿಂದಲೇ ಕಾಣುತ್ತಿತ್ತು. ಆದರೆ ಬಿಟ್ಟಳು. ನಾಲ್ಕನ್ನೂ ಬಿಟ್ಟಳು. ಅಂಪೈರ್ ಮೊದಲ ಬೇಸಿನ ಕಡೆ ಕೈ ತೋರಿಸಿದಾಗ ನಾನು ಹುಚ್ಚಿಯಂತೆ ಕಿರುಚಿದೆ. ಹೊಡೆಯದೆ ಸುಮ್ಮನೆ ನಿಂತದ್ದಕ್ಕೆ ಅಷ್ಟು ಕುಣಿದವಳು ಆ ಮೈದಾನದಲ್ಲಿ ನಾನೊಬ್ಬಳೇ ಇರಬೇಕು.

ಕೊನೆಯ ಇನಿಂಗ್ಸ್‌ಗೆ ಬಂದಾಗ ನಾವು ಒಂದು ರನ್ ಹಿಂದಿದ್ದೆವು. ಒಬ್ಬಳು ಔಟಾಗಿದ್ದಳು, ಮೂವರು ಔಟಾದರೆ ಆಟ ಮುಗಿದಂತೆ. ನಾನು ಹೊಡೆದು ಮೊದಲ ಬೇಸಿಗೆ ಬಂದು ನಿಂತೆ. ಈಗ ಬ್ಯಾಟು ಅಕ್ಕನ ಕೈಯಲ್ಲಿ. ಚೆಂಡು ನೆಲಕ್ಕೆ ಬಿದ್ದರೆ ನಾನು ಎರಡನೆಯ ಬೇಸಿಗೆ ಓಡಲೇಬೇಕು, ಅವಳು ನನ್ನ ಜಾಗಕ್ಕೆ ಬರಲೇಬೇಕು. ಓಡಲೋ ಬೇಡವೋ ಎಂಬ ಪ್ರಶ್ನೆ ಈ ಆಟದಲ್ಲಿಲ್ಲ. ಕೆಳಗಿನ ಚೆಂಡು ಬಂತು, ಬಿಟ್ಟಳು. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ಮೂರನೆಯದು ಸೊಂಟದ ಎತ್ತರಕ್ಕೆ ಬಂದದ್ದೇ ಅಕ್ಕ ಬೀಸಿದಳು. ಸದ್ದು ಚೆನ್ನಾಗಿಯೇ ಬಂತು. ಚೆಂಡು ಮಾತ್ರ ನೆಲ ಹಿಡಿದು ನೇರವಾಗಿ ಎರಡನೆಯ ಬೇಸ್ ಕಾಯುವ ಹುಡುಗಿಯ ಕಡೆಗೆ ಉರುಳಿತು.

"ಬೇಡ!"

ಅಕ್ಕನ ದನಿ. ಕೈ ಎತ್ತಿ, ಥೇಟ್ ನಮ್ಮ ಬೀದಿಯಲ್ಲಿ ಕೂಗುತ್ತಿದ್ದ ಹಾಗೆ. ನನ್ನ ಕಾಲು ನಿಂತುಬಿಟ್ಟಿತು. ಬೇಸಿನ ಪಕ್ಕದಲ್ಲಿ ನಿಂತಿದ್ದ ನಮ್ಮದೇ ತಂಡದ ಶಿವಾಜಿನಗರದ ಹುಡುಗಿ "ಭಾಗ್ ರೀ, ಭಾಗ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ನಾನು ಅಕ್ಕನ ಮುಖ ನೋಡುತ್ತಿದ್ದೆ, ಅಕ್ಕ ನನ್ನದನ್ನು. ಅಷ್ಟರಲ್ಲಿ ಚೆಂಡು ನಮಗಿಂತ ಮೊದಲೇ ಎರಡನೆಯ ಬೇಸಿಗೂ ಹೋಯಿತು, ಅಲ್ಲಿಂದ ಮೊದಲ ಬೇಸಿಗೂ ಬಂತು. ಇಬ್ಬರೂ ಔಟ್. ಪಂದ್ಯ ಮುಗಿಯಿತು.

ಕೋಚ್ ನಿಧಾನವಾಗಿ ನಡೆದು ಬಂದರು.

"ಯಾರು ಬೇಡ ಅಂದಿದ್ದು?"

"ನಾನೇ ಸಾರ್" ಎಂದಳು ಅಕ್ಕ.

"ನೀನ್ಯಾಕ್ ನಿಂತೆ?" ಎಂದು ನನ್ನ ಕಡೆ ತಿರುಗಿದರು.

"ಅಕ್ಕ ಹೇಳಿದ್ಲು."

ಹುಡುಗಿಯರು ಕಿಸಕ್ಕನೆ ನಕ್ಕರು. ಕೋಚ್ ನಗಲಿಲ್ಲ. ತಂಡದ ಬಟ್ಟೆ ನಾವೇ ಹೊಲಿಸಿಕೊಂಡಿದ್ದು, ಕ್ಯಾಪ್ ಮಾತ್ರ ಕ್ಲಬ್ಬಿನದು, ತಂಡ ಬಿಟ್ಟರೆ ವಾಪಸು. ಅವರು ಮೊದಲು ಇನ್ನಿಬ್ಬರು ಹುಡುಗಿಯರ ಹತ್ತಿರ ಹೋಗಿ ಕೈ ಚಾಚಿದರು, ಅವರು ಕ್ಯಾಪ್ ತೆಗೆದುಕೊಟ್ಟರು. ಮೂರನೆಯ ಸಲ ಅಕ್ಕನ ಮುಂದೆ ಬಂದು ನಿಂತರು. ಅವರು ಕೈ ಚಾಚುವ ಮೊದಲೇ ಅವಳು ಕ್ಯಾಪ್ ಕೊಟ್ಟಿದ್ದಳು.

"ಅವಳಿಲ್ದಿದ್ರೆ ನಾನೂ ಇಲ್ಲ ಸಾರ್" ಎಂದು ನಾನು ಕೂಗಿದೆ. "ಒಬ್ಳನ್ನೇ ಮನೇಲಿ ಬಿಡಲ್ಲ."

"ಮನೇಲಿ ಬಿಡಲ್ಲ ಅಂತ ಟೀಮಲ್ಲಿ ಜಾಗ ಕೊಡಕ್ಕಾಗುತ್ತಾಮ್ಮಾ? ಈ ಇಬ್ರಿಗೆ ನಾನೇನ್ ಹೇಳ್ಲಿ?"

ಅವರು ಹೇಳಿದ್ದು ಸರಿ ಇತ್ತು. ಅದಕ್ಕೇ ನನ್ನ ಸಿಟ್ಟು ಇನ್ನೂ ಏರಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ರಟ್ಟೆ ಹಿಡಿದಳು.

"ಅವ್ಳು ಬರ್ತಾಳೆ ಸಾರ್."

ಬಸ್ಸಿನಲ್ಲಿ ಕೇಳಿದೆ, ಗೇಟಿನಲ್ಲಿ ಕೇಳಿದೆ, ಹೇಗೆ ಬರ್ತೀನಿ, ಅಪ್ಪನಿಗೆ ಏನಂತ ಹೇಳ್ತೀಯ ಎಂದು. ಅವಳದು ಒಂದೇ ಉತ್ತರ. "ನೀನು ಬಾಯ್ಬಿಡ್ಬೇಡ, ಅಷ್ಟೇ." ಮರುದಿನ ಮಧ್ಯಾಹ್ನ ನೋಡಿದರೆ ಅಕ್ಕ ತಂಡದ ಬಿಳಿ ಪ್ಯಾಂಟು, ನೀಲಿ ಅಂಗಿ ಹಾಕಿಕೊಂಡು, ಶೂಗೆ ಲೇಸು ಕಟ್ಟುತ್ತ ಜಗುಲಿಯ ಮೇಲೆ ಕೂತಿದ್ದಳು. ಅಪ್ಪ ಪೇಪರ್ ಓದುತ್ತ ಎಂದಿನಂತೆ "ಕತ್ಲಾಗೋಷ್ಟರಲ್ಲಿ ಬನ್ನಿ" ಎಂದರು.

ಹೀಗೆ ಆ ಸೀಸನ್ ಸಾಗಿತು. ನಾನು ಒಳಗೆ ಆಡುವುದು, ಅವಳು ಬೇಲಿಯ ಆಚೆ ಕಲ್ಲಿನ ಮೇಲೆ ಕಾಲೇಜಿನ ಪುಸ್ತಕ ಹಿಡಿದು ಕೂರುವುದು. ಕೋಚ್ ನೋಡಿಯೂ ನೋಡದವರಂತೆ ಇದ್ದರು, ಆಮೇಲಾಮೇಲೆ ನಮಗೆ ಟೀ ತರಿಸಿದಾಗ ಅವಳಿಗೂ ಒಂದು ಲೋಟ ಕಳಿಸತೊಡಗಿದರು. ನಾನು ಎಡವಿದ್ದನ್ನು ಅವಳು ಮನೆಗೆ ಬರುವ ದಾರಿಯಲ್ಲಿ ಎತ್ತಿ ಎತ್ತಿ ಆಡುತ್ತಿದ್ದಳು. ಇಷ್ಟೆಲ್ಲ ನನಗಾಗಿ ಮಾಡುತ್ತಿದ್ದಾಳೆ ಎಂಬುದನ್ನು ಒಂದು ಸಲವೂ ಬಾಯಲ್ಲಿ ಆಡಿದವಳಲ್ಲ. ಅವಳ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು.

ಅಕ್ಕ ಹೊರಬಿದ್ದ ಮೇಲಿನ ಮೊದಲ ಪಂದ್ಯವನ್ನು ನಾವು ಗೆದ್ದೆವು. ಬೇಸ್‌ಗಳನ್ನು ಎತ್ತಿಡುವ ಸರದಿ ಅಂದು ನನ್ನದು. ಎಲ್ಲರೂ ಹೊರಟುಹೋಗಿದ್ದರು. ಬಿಸಿಲು ಇಳಿಯುತ್ತಿತ್ತು. ಅಕ್ಕ ಬೇಲಿ ದಾಟಿ ಬಂದು ನನ್ನ ಪ್ಯಾಂಟು ನೋಡಿದಳು, ತನ್ನದನ್ನು ನೋಡಿಕೊಂಡಳು. ಆಮೇಲೆ ಕುಕ್ಕರಗಾಲಲ್ಲಿ ಕೂತು ಹಿಡಿ ಮಣ್ಣು ಎತ್ತಿ ಮೊಣಕಾಲಿಗೆ ಉಜ್ಜಿಕೊಳ್ಳತೊಡಗಿದಳು.

"ಏನ್ ಮಾಡ್ತಿದೀಯೇ?"

"ಅಮ್ಮ ಬಟ್ಟೆ ಒಗೀತಾಳಲ್ಲ. ಮ್ಯಾಚ್ ದಿನಾನೂ ಬೆಳ್ಳಗಿದ್ರೆ ಕೇಳಲ್ವಾ?"

ನಾನು ಕೋಚ್ ದನಿಯಲ್ಲಿ, "ಹಾಗಲ್ಲ ಕಣೇ. ಬೇಸಿಗೆ ಜಾರಿ ಬಂದ್ರೆ ಮಣ್ಣು ಮಂಡಿಗಾಗಲ್ಲ, ತೊಡೆ ಉದ್ದಕ್ಕೂ ಆಗುತ್ತೆ" ಎಂದೆ.

ಅಕ್ಕ ಎದ್ದು ಎರಡನೆಯ ಬೇಸಿನ ಹತ್ತಿರ ಹೋಗಿ ನಿಂತಳು. ತಲೆ ತಗ್ಗಿಸಿ ಓಡಿದಳು, ಯಾರೋ ಬೆನ್ನಟ್ಟಿದ ಹಾಗೆ, ಮೂರನೆಯ ಬೇಸಿಗೆ ಇನ್ನೂ ದೂರವಿರುವಾಗಲೇ ಒಂದು ಕಾಲು ಮಡಿಸಿ, ಇನ್ನೊಂದು ಚಾಚಿ, ಕೆಂಪು ಧೂಳೆಬ್ಬಿಸುತ್ತ ನೆಲದ ಮೇಲೆ ಜಾರಿಕೊಂಡು ಬಂದಳು. ಚಾಚಿದ ಪಾದ ಬೇಸಿನ ಅಂಚಿಗೆ ಸರಿಯಾಗಿ ತಾಗಿ ನಿಂತಿತು. ಆ ಸೀಸನ್‌ನಲ್ಲಿ ಯಾರೂ ಅಷ್ಟು ಚೆನ್ನಾಗಿ ಜಾರಲಿಲ್ಲ. ನಾನೂ ಸೇರಿದಂತೆ.

ಧೂಳು ಅಡಗುವವರೆಗೂ ಅವಳು ಹಾಗೇ ಬಿದ್ದುಕೊಂಡು ಆಕಾಶ ನೋಡುತ್ತಿದ್ದಳು.

"ಔಟಾ, ಸೇಫಾ?" ಎಂದಳು.

ಸೇಫ್ ಎನ್ನಲು ಅಂಪೈರ್ ಮಾಡುವ ಹಾಗೆ ಎರಡೂ ಕೈಗಳನ್ನು ಅಗಲಿಸಿ ತೋರಿಸಿದೆ. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಕ್ಕ ಎದ್ದಳು. ಮಣ್ಣು ಕೊಡವಿಕೊಳ್ಳಲಿಲ್ಲ.

"ನಡಿ, ಬಸ್ ಹೋಗ್ಬಿಡುತ್ತೆ" ಎಂದಳು.