ರಜಿಸ್ಟರಿನೊಳಗಿನ ‘ನೇಹಮೀಪ್ರಮಾಣೆ’

ನಾ ಧಾರವಾಡದಾಕಿ. ಲಗ್ನ ಆಗಿ ಪುಣೆಕ್ಕ ಬಂದು, ಭೋಸರಿಯ ಒಂದು ಸಣ್ಣ ಕಾರ್ಖಾನಿಯೊಳಗ ಇಪ್ಪತ್ತೆರಡು ವರ್ಷ ಆತು ಕೆಲಸ ಮಾಡಾಕ ಹತ್ತಿ. ಉಕ್ಕಿನ ಸಾಮಾನ ಭಟ್ಟಿಯೊಳಗ ಕೆಂಪಗ ಕಾಸಿ, ಎಣ್ಣಿ ಟಾಕಿಯೊಳಗ ಅದ್ದಿ ಗಟ್ಟಿ ಮಾಡೂದು ನಮ್ಮ ಧಂದೆ. ಗಟ್ಟಿ ಆತೋ ಇಲ್ಲೋ ಪರೀಕ್ಷಾ ಮಾಡೂದು, ಶಿಫ್ಟಿನ ರಜಿಸ್ಟರ್ ಬರಿಯೂದು ನನ್ನ ಕೆಲಸ. ನನ್ನ ಅಕ್ಷರ ಮುತ್ತು ಪೋಣಿಸಿದಂಗ, ಸುಳ್ಳ್ಯಾಕ ಹೇಳ್ಲಿ. ಅದರ ಸೊಕ್ಕೂ ಇತ್ತು.

ಭಟ್ಟಿ ನೋಡಕೊಳ್ಳಾಕ ಒಬ್ಬ ಫೋರ್ಮನ್ ಇದ್ರು, ಗೋಕಾಕ ಕಡೆಯವರು. ಅವರಿಗೆ ನಾ ಕಾಕಾ ಅಂತಿದ್ದೆ, ಅವರು ನನಗ ಯವ್ವಾ ಅಂತಿದ್ರು. ಅವರಿಗೆ ಬರಿಯಾಕ ಬರ್ತಿರಲಿಲ್ಲ. ಕೆಲಸ ಮುಗದ ಮ್ಯಾಲೆ ಕೈ ಒರಸಿಕೋತ ಬಂದು, “ಬರಿ ಯವ್ವಾ, ಯಾವಾಗಿನಂಗ ಮಾಡೀನಿ” ಅಂತಿದ್ರು. ಸಾಹೇಬ್ರು ಓದೂದು ಮರಾಠಿ. ಹಂಗಾಗಿ ನಾ ‘ನೇಹಮೀಪ್ರಮಾಣೆ’ ಅಂತ ಬರದು ಸಹಿ ಹಾಕತಿದ್ದೆ. ಯಾವಾಗಿನಂಗ ಅನ್ನೂದಕ್ಕ ಮರಾಠಿಯೊಳಗ ಹಂಗಂತಾರ. ಒಂದ ಶಬ್ದ, ಕೆಲಸ ಖಲಾಸ್.

ಹೋದ ವರ್ಷ ಸಾಹೇಬ್ರು ಎಐ ತಂದ್ರು. ಹಳೆ ರಜಿಸ್ಟರಿನ ಪುಟಾ ಪುಟಾ ಫೋಟೊ ತಗಸಿ ಅದಕ್ಕ ಉಣಿಸಿದ್ರು. ಯಾರ ಏನ ಬೇಕಾದ್ರೂ ಫೋನಿನ್ಯಾಗ ಕೇಳಬಹುದು, ಹುಡುಕಿ ಹೇಳತದ ಅಂದ್ರು. ನನಗ ಉರಿ ಹತ್ತಿತು. “ಸಾಹೇಬ, ಇಲ್ಲಿ ನಡದದ್ದೆಲ್ಲಾ ನನ್ನ ರಜಿಸ್ಟರಿನ್ಯಾಗ ಅದ. ಪುಟಾ ತಿರುವಿದ್ರ ಸಿಗತದ, ಇದ್ಯಾಕ ಬೇಕ್ರಿ?” ಅಂತ ಎಲ್ಲಾರ ಮುಂದ ಮೂಗು ಮುರದೆ. ಅಷ್ಟರಾಗ ಕಾಕಾ ರಿಟೈರ್ ಆಗಿದ್ರು. ಆಮ್ಯಾಲೆ ಪಾರ್ಶ್ವವಾಯು ಹೊಡದು ಮಾತೂ ನಿಂತಿತ್ತು.

ಥಂಡಿ ದಿವಸದಾಗ ಒಬ್ಬ ಹಳೆ ಗಿರಾಕಿ ಮತ್ತ ಬಂದ. ಆರು ಶಾಫ್ಟ್, ಅಂದ್ರ ಉಕ್ಕಿನ ದಪ್ಪ ಸರಳು, ಒಂದೊಂದು ಆಳೆತ್ತರ. ಮೊದಲು ಇವನ್ನ ಕಾಕಾನ ಮಾಡತಿದ್ರು. ಹೊಸ ಫೋರ್ಮನ್ ಮೊದಲನೇದನ್ನ ಎಣ್ಣಿಯೊಳಗ ಇಳಿಸಿದ. ಹೊರಗ ತಗದ್ರ ಕುಡಗೋಲಿನಂಗ ಬಾಗಿತ್ತು.

ಸಾಹೇಬ್ರು ನನ್ನ ಕರದ್ರು. “ಇನ್ನೊಂದು ಬಾಗಿದ್ರ ಗಿರಾಕಿ ಕೈ ಬಿಟ್ಟು ಹೋಗತಾನ. ಎಲ್ಲಾ ನಿಮ್ಮ ರಜಿಸ್ಟರಿನ್ಯಾಗ ಅದ ಅಂದಿದ್ರಲ್ಲ, ಹುಡುಕ್ರಿ” ಅಂದ್ರು.

ಎರಡು ದಿನ ಕುಂತು ಪುಟಾ ತಿರುವಿದೆ, ಅರ್ಧಾನೂ ಮುಗೀಲಿಲ್ಲ. ಆ ಶಾಫ್ಟ್ ಕಂಡಲ್ಲೆಲ್ಲಾ ನನ್ನ ಮುತ್ತಿನಂಥ ಅಕ್ಷರದಾಗ ‘ನೇಹಮೀಪ್ರಮಾಣೆ’. ಅದರ ಕೆಳಗ ನನ್ನ ಸಹಿ. ಅಯ್ಯ ಶಿವನ, ಹೆಂಗ ಮಾಡತಿದ್ರು ಅನ್ನೂದನ್ನ ನಾ ಒಂದ ದಿನಾನೂ ಬರದಿರಲಿಲ್ಲ!

ಎಲ್ಲಾರೂ ಊಟಕ್ಕ ಹೋದಾಗ, ಯಾರೂ ನೋಡವಲ್ಲರು ಅಂತ ಖಾತ್ರಿ ಮಾಡಕೊಂಡು, ಆ ಎಐಗೆ ಕನ್ನಡದಾಗ ಕೇಳಿದೆ. ಪೇಪರಿನ್ಯಾಗಿನ ಕನ್ನಡದಾಗ ಉತ್ತರ ಕೊಟ್ಟಿತು: “ಈ ಶಾಫ್ಟಿನ ಬಗ್ಗೆ ನಲವತ್ತೊಂದು ಪುಟಗಳಿವೆ. ನಲವತ್ತರಲ್ಲಿ ‘ಯಾವಾಗಿನಂತೆ’ ಎಂದಷ್ಟೇ ಇದೆ, ಅದರಿಂದ ವಿಧಾನ ತಿಳಿಯುವುದಿಲ್ಲ. ಒಂದೇ ಪುಟದಲ್ಲಿ ವಿವರ ಇದೆ. ಅಲ್ಲಿನ ಅಕ್ಷರ ಬೇರೆಯವರದು.”

ಪುಟಾನೂ ತೋರಿಸಿತು. ನನ್ನ ತಮ್ಮನ ಲಗ್ನಕ್ಕಂತ ನಾ ಊರಿಗೆ ಹೋದ ದಿನದ್ದು. ಅವತ್ತು ರಜಿಸ್ಟರ್ ಬರದಾವ ಗೇಟಿನ ವಾಚ್‌ಮನ್. ‘ಯಾವಾಗಿನಂಗ’ ಅಂದ್ರ ಹೆಂಗಂತ ಪಾಪ ಅವಗೇನ ಗೊತ್ತು? ಕಂಡದ್ದೆಲ್ಲಾ ಬರದಿಟ್ಟಿದ್ದ. ಕಾಕಾ ಮೊದಲು ಕೆಂಪಗ ಕಾಸಿದ ಗುಜರಿ ತುಂಡು ಎಣ್ಣಿಗೆ ಬಿಟ್ಟು ಎಣ್ಣಿ ಬೆಚ್ಚಗ ಮಾಡಿದ್ರು. ಟಾಕಿಯ ಹೊರಮೈಗೆ ಅಂಗೈ ಹಚ್ಚಿ ನೋಡಿದ್ರು. ಇನ್ನೂ ಆಗಿಲ್ಲ ಅಂದ್ರು. ಚಹಾ ಕುಡದ್ರು. ಮತ್ತ ಅಂಗೈ ಹಚ್ಚಿ ಈಗ ಆತು ಅಂದ್ರು. ಎಣ್ಣಿ ಕಲಸೂ ಪಂಖಾ ಬಂದ್ ಮಾಡಿದ್ರು. ಶಾಫ್ಟ್ ನೆಟ್ಟಗ ಇಳಿಸಿದ್ರು.

ಚಹಾನೂ ಬಿಟ್ಟಿರಲಿಲ್ಲ ನೋಡ್ರಿ ಪುಣ್ಯಾತ್ಮ!

ಕಡೀಕ ಎಐ ಹೇಳಿತು: “ಎಣ್ಣೆ ಎಷ್ಟು ಬಿಸಿ ಇರಬೇಕು ಎಂಬುದು ಎಲ್ಲೂ ಬರೆದಿಲ್ಲ. ಅಂದಾಜಿನ ಮೇಲೆ ಹೇಳುವುದು ಸರಿಯಲ್ಲ. ಆ ಫೋರ್ಮನ್ನರನ್ನೇ ಕೇಳುವುದು ಒಳ್ಳೆಯದು.” ಭೇಷ್ ಅನಿಸಿತು ನನಗ, ಮನಸಾರೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಾಕ ಎಷ್ಟ ಮಂದಿ ಜೀವ ಹೋದಂಗ ಮಾಡತಾರ. ನಾನೂ ಅದರಾಗೊಬ್ಬಾಕಿ. ಆದ್ರ ಮಾತು ನಿಂತವರನ್ನ ಕೇಳೂದು ಹೆಂಗ?

ರವಿವಾರ ಲ್ಯಾಬಿನ ಥರ್ಮಾಮೀಟರ್ ಚೀಲದಾಗ ಇಟಗೊಂಡು ದೇಹೂ ರೋಡಿಗೆ ಕಾಕಾನ ಮನಿಗೆ ಹೋದೆ. ಅವರ ಬಲಗೈ ಬಿದ್ದಿತ್ತು, ಎಡಗೈ ಛಲೋ ಇತ್ತು. “ಕಾಕಾ, ನಿಮ್ಮ ವಿದ್ಯಾ ಎಲ್ಲಾ ನಾ ಒಂದ ಶಬ್ದದಾಗ ಮುಗಿಸಿಬಿಟ್ಟೆ, ತಪ್ಪಾತ್ರಿ” ಅಂದೆ. ಅಳು ತಡಿಲಿಲ್ಲ. ಬಂದ ಕಾರಣ ಹೇಳಿದ ಮ್ಯಾಲೆ ಅವರ ಹೆಂಡತಿ, ನಮ್ಮ ಕಾಕು, ಸ್ಟೀಲಿನ ಪಾತೇಲಿಯೊಳಗ ನೀರು ಕಾಸಿ ತಂದ್ರು. ಕಾಕಾನ ಎಡ ಅಂಗೈ ಪಾತೇಲಿಯ ಹೊರಮೈಗೆ ಹಚ್ಚಿದೆ. ಅವರು ಮುಖಾ ಕಿವಿಚಿದ್ರು, ಭಾಳ ತಣ್ಣಗಾತು ಅಂತ. ಮತ್ತ ಗ್ಯಾಸಿನ ಮ್ಯಾಲೆ ಇಟ್ವಿ. ಎರಡನೇ ಸಲಾನೂ ಗೋಣು ಅಲ್ಲಾಡಿಸಿದ್ರು. ಮೂರನೇ ಸಲ ಅಂಗೈ ಹಚ್ಚಿದವರು ಕಣ್ಣು ಮುಚ್ಚಿದ್ರು, ಆಮ್ಯಾಲೆ ನನ್ನ ನೋಡಿ ಹೂಂ ಅಂತ ಗೋಣು ಹಾಕಿದ್ರು. ಥರ್ಮಾಮೀಟರ್ ಅದ್ದಿ ನೋಡಿದೆ. ಐವತ್ತೆಂಟು ಡಿಗ್ರಿ.

ಸೋಮವಾರ ಎಣ್ಣಿ ಐವತ್ತೆಂಟಕ್ಕ ಬರೂತನಕಾ ನಾನ ಟಾಕಿ ಮುಂದ ನಿಂತೆ. ಪಂಖಾ ಬಂದ್ ಮಾಡಿಸಿದೆ. ಉಳದ ಐದೂ ಶಾಫ್ಟ್ ನೆಟ್ಟಗ ಬಂದೂವು. ಸಾಹೇಬ್ರು ಪೇಢೆ ತರಿಸಿದ್ರು. ಅವತ್ತಿನ ರಜಿಸ್ಟರ್ ಬರಿಯಾಕ ನನಗ ಒಂದೂವರೆ ಪುಟಾ ಬೇಕಾತು.

ಅದನ್ನ ಎಐಗೂ ಹೇಳಿದೆ. ಅದು, “ಈ ಮಾಹಿತಿ ಯಾರದು?” ಅಂತ ಕೇಳಿತು. ರಜಿಸ್ಟರಿನ್ಯಾಗ ಅದಕ್ಕ ಕಾಲಂ ಇರಲಿಲ್ಲ. ಅಷ್ಟೂ ವರ್ಷ ಕೆಲಸ ಕಾಕಾಂದು, ಸಹಿ ನಂದು. ಅವರ ಪೂರಾ ಹೆಸರು ಹಾಕಿದೆ.

ಮುಂದಿನ ರವಿವಾರ ಪೇಢೆ ತಗೊಂಡು ಮತ್ತ ಹೋದೆ. ಕಾಕಾನ ಮುಂದ ಫೋನ್ ಹಿಡದು, ಉದ್ದ ಶಾಫ್ಟ್ ಎಣ್ಣಿಗೆ ಹೆಂಗ ಇಳಿಸೂದು ಅಂತ ಕೇಳಿದೆ. ಗುಜರಿ ತುಂಡಿನಿಂದ ಹಿಡದು ಪಂಖಾದ ತನಕಾ ಎಲ್ಲಾ ಹೇಳಿ, ಕಡೀಕ ಇದನ್ನು ತಿಳಿಸಿದವರು ಇಂಥವರು ಅಂತ ಅವರ ಹೆಸರು ಹೇಳಿತು. ಕಾಕಾ ಬೆರಳು ಎತ್ತಿ ತೋರಿಸಿದ್ರು, ಇನ್ನೊಮ್ಮೆ. ಇನ್ನೊಮ್ಮೆ ಕೇಳಿದೆ. ಹಂಗ ನಾಕು ಸಲ ಆತು.

“ಸಾಕ್ ಬಿಡ್ರಿ, ಆಕಿ ಫೋನ್ ಬಿಸಿ ಆದೀತು” ಅಂದ್ರು ಕಾಕು, ಕಣ್ಣು ಒರಸಿಕೋತ.

ಕಾಕಾ ಫೋನಿನ ಬೆನ್ನಿಗೆ ಅಂಗೈ ಹಚ್ಚಿ ನೋಡಿದ್ರು. ಇನ್ನೂ ಆಗಿಲ್ಲ ಅಂತ ಗೋಣು ಅಲ್ಲಾಡಿಸಿದ್ರು.