ಕಮಲಾಪುರದ ಸುದ್ದಿ, ಸೊಲ್ಲಾಪುರದ ಸುದ್ದಿ

ನಿಜಾಮರ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ವಾರವೇ ಅಕ್ಕನನ್ನು ನೋಡಲು ಸೊಲ್ಲಾಪುರದಿಂದ ಕಲಬುರಗಿಗೆ ಬಂದಿಳಿದೆ. ಅವಳಿದ್ದ ಕಮಲಾಪುರ ಪೂರಾ ಸುಟ್ಟುಹೋಗಿದೆ ಎಂದು ನಮ್ಮೂರ ಪತ್ರಿಕೆ ಬರೆದಿತ್ತು. ಬಸ್ ನಿಲ್ದಾಣದ ಚಹಾದಂಗಡಿಯ ಕರೀಂಸಾಬರು ತಮ್ಮ ಉರ್ದು ಪತ್ರಿಕೆ ತೋರಿಸಿ, "ಕಮಲಾಪುರಕ್ಕ ಏನೂ ಆಗಿಲ್ರೀ. ನಿಮ್ಮದು ಹಿಂದುಸ್ತಾನದ ಪೇಪರ್, ಹಂಗೇ ಬರೀತದ" ಎಂದರು.

"ನಿಮ್ಮದು ನಿಜಾಮರದ್ದಲ್ಲೇನ್ರೀ?" ಎಂದೆ.

ಅಷ್ಟರಲ್ಲಿ ಕಮಲಾಪುರದ ಬಸ್ಸಿನಿಂದ ಭಾವ ಇಳಿದರು. "ಎರಡು ಬಣವಿ ಸುಟ್ಟಾವ. ಮಂದಿ ಎಲ್ಲಾ ಆರಾಮ ಇದ್ದೀವಿ. ನಡಿ, ನಿಮ್ಮಕ್ಕ ಕಾಯಾಕತ್ತಾಳ." ನನಗೆ ಕಣ್ಣು ತುಂಬಿ ಬಂತು.

ಕರೀಂಸಾಬರು ಮೆಲ್ಲಗೆ ನನ್ನ ತೋಳು ಹಿಡಿದರು. "ಸೊಲ್ಲಾಪುರದಾಗ ನಮ್ಮವರನ್ನ ಉಳಿಸಿಲ್ಲಂತ ಇದೇ ಪೇಪರಿನಾಗ ಬರದಾರ. ಗಿರಣಿ ಹಿಂದಿನ ಓಣ್ಯಾಗ ನನ್ನ ಮಗಳ ಮನಿ ಅದ."

"ನಿನ್ನೆ ಅದೇ ಓಣಿ ಹಾದು ಬಂದೀನ್ರೀ. ಅಂಗಡಿ ತೆರದಿದ್ವು. ಹೆಣ್ಮಕ್ಕಳು ಕಟ್ಟಿ ಮ್ಯಾಲೆ ಕುಂತು ಬಳಿ ಇಡಿಸಿಕೊಳ್ಳಾಕತ್ತಿದ್ರು."

ಅವರು ಪತ್ರಿಕೆ ಮಡಚಿಟ್ಟು ಬೆಂಚಿನ ಮೇಲೆ ಕೂತರು.

"ಇನ್ನೊಮ್ಮೆ ಹೇಳ್ರೀ" ಎಂದರು.